ಹೊರಬೀಡಿನ ದಿನ ಒಳಗೆ ಉಳಿದವರು

ಕುಷ್ಟಗಿ ಕಡೆಯ ನಮ್ಮೂರು ವರ್ಷಕ್ಕೊಂದು ದಿನ ಪೂರ್ತಿ ಖಾಲಿಯಾಗುತ್ತದೆ. ಅದಕ್ಕೆ ಹೊರಬೀಡು ಅನ್ನುತ್ತಾರೆ. ಹೊತ್ತು ಹುಟ್ಟುವ ಮೊದಲೇ ಮಂದಿ, ದನ, ಕೋಳಿ ಎಲ್ಲ ಊರು ಬಿಟ್ಟು ಹೊಲ, ದಾಳಿಂಬೆ ತೋಟ ಸೇರಬೇಕು. ದಾರಿಗೆ ಜಾಲಿಮುಳ್ಳು ಬಡಿಯುತ್ತಾರೆ. ಆವತ್ತು ಊರೊಳಗೆ ಒಲೆ ಹೊತ್ತಿಸುವಂತಿಲ್ಲ, ಹೊಗೆ ಕಾಣುವಂತಿಲ್ಲ. ಊರದೇವತೆ ದ್ಯಾಮವ್ವ ಒಬ್ಬಳೇ ಓಣಿ ಓಣಿ ತಿರುಗುತ್ತಾಳೆ, ಕಣ್ಣಿಗೆ ಬಿದ್ದವರು ರಕ್ತ ಕಾರಿ ಸಾಯುತ್ತಾರೆ ಎಂಬುದು ನಂಬಿಕೆ. ಸಂಜೆ ಪೂಜಾರಿ ಮನೆ ಮನೆಗೆ ನೀರು ಚಿಮುಕಿಸಿದ ಮೇಲೆಯೇ ಹೊಸ್ತಿಲು ದಾಟಬೇಕು. ಹೊರಗೆ ಅಡುಗೆ ಮಾಡಿ, ಉಂಡು, ನಕ್ಕು ಬರುವವರಿಗೆ ಅದು ಹಬ್ಬ. ನನಗೆ ಆ ಹಬ್ಬದ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು.

ಮದುವೆಯಾಗಿ ಬಂದ ಮೊದಲ ವರ್ಷ ನಾನು ಬಸುರಿ. ಹೊರಟ ಮೇಲೆ ಊರ ಕಡೆ ತಿರುಗಿ ನೋಡಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಚಪ್ಪಲಿ ಕಿತ್ತುಹೋಯಿತು, ಬಗ್ಗಿ ತಿರುಗಿದೆ. ಅಷ್ಟೇ. ಮುಂದೆ ಕೂಸು ಹುಟ್ಟಿತು, ಉಸಿರಾಡಲಿಲ್ಲ. ನಾನು ಮಲಗಿದ್ದ ಕೋಣೆಯ ಬಾಗಿಲಲ್ಲಿ ನಿಂತು ಅತ್ತೆ ಅಂದಳು: “ತಿರುಗಿ ನೋಡಿ ನನ್ನ ಮೊಮ್ಮಗನ್ನ ತಿಂದ್ಲು.” ಆ ಮಾತನ್ನು ಕ್ಷಮಿಸಿದ್ದೇನೆ ಎಂದು ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ದೂ ಉಂಟು. ಸಭೆಯವರು ಆಮೆನ್ ಅಂದರು. ಅವರೇನು ಆಕೆಯ ಜತೆ ಬಾಳ್ವೆ ಮಾಡಬೇಕಾಗಿತ್ತೆ?

ಸಭೆ ಎಂದರೆ ಗಂಗಾವತಿಯಲ್ಲಿ ಅಕ್ಕನ ಮನೆಯ ಹತ್ತಿರ, ಅಕ್ಕಿ ಗಿರಣಿಯ ಹಿಂದೆ ಕ್ರೈಸ್ತರು ಪ್ರಾರ್ಥನೆಗೆ ಸೇರುವ ತಗಡಿನ ಶೆಡ್ಡು. ಕೂಸು ಹೋದ ಮೇಲೆ ಅಲ್ಲಿ ಕೂತು ಅಳಲು ಒಂದು ಜಾಗ ಸಿಕ್ಕಿತು. ಯಾರೂ ಕಾರಣ ಹೇಳಲಿಲ್ಲ, ತಪ್ಪು ಹುಡುಕಲಿಲ್ಲ. ಅದಕ್ಕೇ ಯೇಸುವನ್ನು ನಂಬಿದೆ, ಕಾಲುವೆಯಲ್ಲಿ ಮುಳುಗಿ ದೀಕ್ಷಾಸ್ನಾನ ತಗೊಂಡೆ. ಅಂಜಿಕೆ ಹೋಯಿತು ಅಂದುಕೊಂಡೆ. ಹೋಗಲಿಲ್ಲ, ಮನೆ ಬದಲಾಯಿಸಿತು. ಪಾಸ್ಟರು ವಾರವಾರವೂ ಕೇಳುವರು, ಇವತ್ತು ರಾತ್ರಿ ಸತ್ತರೆ ಎಲ್ಲಿಗೆ ಹೋಗುತ್ತೀರಿ ಎಂದು. ಸ್ವರ್ಗಕ್ಕೆ ಎಂದು ಎಲ್ಲರೂ ಕೈ ಎತ್ತುವರು. ನಾನೂ ಎತ್ತುತ್ತಿದ್ದೆ. ಆದರೆ ನನ್ನ ನಂಬಿಕೆ ಸಾಕಾದೀತೋ ಇಲ್ಲವೋ ಎಂದು ರೊಟ್ಟಿ ಬಡಿಯುವಾಗಲೂ ಅದೇ ಚಿಂತೆ. ಮೊದಲು ದ್ಯಾಮವ್ವನಿಗೆ ಅಂಜುತ್ತಿದ್ದವಳು ಈಗ ನರಕಕ್ಕೂ ಅಂಜಿ, ಡಬಲ್ ಬಾಡಿಗೆ ಕಟ್ಟಿದಂತಾಗಿತ್ತು. ಹೊರಬೀಡು ಬಂದರೆ ಹಿಂದಿನ ದಿನವೇ ಅಕ್ಕನ ಮನೆಗೆ ಹೋಗಿಬಿಡುತ್ತಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಹೋದ ವರ್ಷ ಆ ಆಟ ನಡೆಯಲಿಲ್ಲ. ಅತ್ತೆಗೆ ಮೊದಲೇ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಹೊರಬೀಡಿಗೆ ಕೆಲವೇ ದಿನವಿದ್ದಾಗ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಈ ವಯಸ್ಸಿನಲ್ಲಿ ಆಪರೇಷನ್ ಬೇಡ, ಹಾಸಿಗೆ ಬಿಟ್ಟು ಅಲುಗಾಡಿಸಬೇಡಿ ಎಂದು ಕೊಪ್ಪಳದ ಡಾಕ್ಟರು ಹೇಳಿ ಕಳಿಸಿದರು. ನನ್ನ ಗಂಡನ ಅಣ್ಣ, ಅಂದರೆ ಭಾವ, ನಾಲ್ಕು ಮಂದಿ ಹಿರಿಯರನ್ನು ಕರಕೊಂಡು ಬಂದ.

“ಟ್ರ್ಯಾಕ್ಟರ್‌ನಾಗ ಹಾಕ್ಕೊಂಡು ಹೋಗೋಣು,” ಅಂದ.

“ಎಲುಬು ಹೊರಗ ಬಂದ್ರ ನೀವು ಒಳಗ ಹಾಕ್ತೀರೇನ್ರಿ?” ಅಂದೆ.

“ನೀ ಆ ದೇವರ್ನ ಮನಿಗಿ ತಂದಾಗಿಂದ ಇದ ಆಗಾಕತ್ತೈತಿ. ಅಕಿನ್ನ ಒಳಗ ಇಟ್ಕೊಂಡು ಕುಂದ್ರತೀನಿ ಅಂದ್ರ ಕುಂದ್ರು. ಅಕಿಗೇನರ ಆತಂದ್ರ ಅದು ನಿನ್ನ ಕೊಳ್ಳಿಗಿ.”

ಹಿರಿಯರು ತಲೆ ಅಲ್ಲಾಡಿಸಿದರು. ತಲೆ ಅಲ್ಲಾಡಿಸುವುದಕ್ಕೆ ಹಿರಿತನ ಬೇಕೆ? ಓತಿಕ್ಯಾತವೂ ಅಲ್ಲಾಡಿಸುತ್ತದೆ. ಗಂಡ ಲಾರಿ ಡ್ರೈವರು, ಅಕ್ಕಿ ಲೋಡು ತಗೊಂಡು ದೂರ ಹೋಗಿದ್ದ. “ಮಂದಿ ಹೇಳಿದಂಗ ಕೇಳು,” ಎಂದು ಫೋನಿನಲ್ಲಿ ಹೇಳಿ ಇಟ್ಟ. ಪಾಸ್ಟರಿಗೆ ಫೋನ್ ಮಾಡಿ, ಆವತ್ತೊಂದು ದಿನ ಬಂದು ನಮ್ಮನೆಯಲ್ಲಿ ಕೂತಿರಿ ಅಂದೆ. “ಧೈರ್ಯ ತಗೋರಿ ತಂಗಿ, ನಾನು ಇಲ್ಲಿಂದನ ಪ್ರಾರ್ಥನಿ ಮಾಡ್ತೀನ್ರಿ,” ಅಂದರು. ಶೆಡ್ಡಿನಲ್ಲಿ ಸಿಂಹದ ಹಾಗೆ ಗರ್ಜಿಸುವ ಮನುಷ್ಯ! ಆ ಸಿಟ್ಟು ಇನ್ನೂ ಹೋಗಿಲ್ಲ.

ಹೊರಬೀಡಿನ ದಿನ ಬೆಳಗಿನ ಜಾವ ಟ್ರ್ಯಾಕ್ಟರುಗಳ ಸದ್ದು ನಿಂತಿತು. ಬೆಳಕು ಹರಿದಾಗ ಊರಲ್ಲಿ ಕೆಮ್ಮುವವರೂ ಇರಲಿಲ್ಲ. ಅತ್ತೆ ಗೋಡೆ ಕಡೆ ಮುಖ ಮಾಡಿದ್ದಳು. ರಾತ್ರಿಯೇ ಮಾಡಿಟ್ಟಿದ್ದ ಗಂಜಿ ಕುಡಿಸಲು ಹೋದರೆ ಬಾಯಿ ಬಿಗಿ ಹಿಡಿದಳು.

“ನಿನಗೇನು, ನಿನ್ನ ದೇವರು ನಿನ್ನ ಕಾಯ್ತಾನ. ನನ್ನ ಯಾರು ಕಾಯ್ತಾರ?” ಅಂದಳು.

ಗಂಜಿಯ ಬಟ್ಟಲು ಕೆಳಗಿಟ್ಟೆ. ನನ್ನನ್ನು ಕಾಯುತ್ತಾನೆಂಬುದೇ ನನಗೆ ಖಾತ್ರಿ ಇರಲಿಲ್ಲವಲ್ಲ.

ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗ ಓಣಿಯಲ್ಲಿ ಗೆಜ್ಜೆ ಸದ್ದು ಕೇಳಿತು. ಸ್ವಲ್ಪ ಕೇಳಿ ನಿಂತಿತು, ಮತ್ತೆ ಕೇಳಿತು. ನಮ್ಮ ಬಾಗಿಲ ಕಡೆಗೇ ಬರುತ್ತಿತ್ತು. ಕಾಲುವೆಯ ನೀರು, ಹಾಡು, ಸಾಕ್ಷಿ ಎಲ್ಲ ಎಲ್ಲಿಗೆ ಹೋದವೋ, ಬಾಯಿಪಾಠದ ಬೈಬಲ್ ವಚನ ಒಂದೂ ನೆನಪಾಗಲಿಲ್ಲ. ಚಪ್ಪಲಿ ಕಿತ್ತು ಬಗ್ಗಿದ್ದ ಆ ಹುಡುಗಿಯೇ ಆಗಿಬಿಟ್ಟಿದ್ದೆ.

“ಬಂದ್ಲು,” ಅಂದಳು ಅತ್ತೆ. ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನು ಹತ್ತಿರ ಕರೆದಳು: “ಕೈ ಹಿಡಕೋ. ನನಗ ಹಿಡಿಯಾಕ ಆಗವಲ್ದು. ನೀ ಬಿಡಬ್ಯಾಡ.”

ಆಕೆಯ ಬಲಗೈ ಹಾಸಿಗೆಯ ಮೇಲೆ ಸತ್ತಂತೆ ಬಿದ್ದಿತ್ತು. ಬೆರಳು ಮಡಿಸಲೂ ಆಗದ ಕೈ. ಹಿಡಿದುಕೊಂಡೆ.

“ನೀವು ಹಿಡೀಬೇಕಾಗಿಲ್ರಿ ಅತ್ತಿ. ನಾ ಹಿಡಿದೀನಿ,” ಅಂದೆ.

ನನ್ನ ಬಾಯಿಂದ ಬಂದ ಮಾತು ನನಗೇ ಬಂದು ತಗುಲಿತು. ಇಷ್ಟು ವರ್ಷ ನಾನು ನನ್ನ ಹಿಡಿತವನ್ನೇ ಅಳೆಯುತ್ತ ಕೂತಿದ್ದೆ. ಬಿಗಿ ಇದೆಯೋ, ಸಡಿಲವಾಯಿತೋ, ಇವತ್ತು ಸಾಕೋ, ನಾಳೆಗೆ ಸಾಲದೋ ಎಂದು. ಹಿಡಿದವನು ಯೇಸುವಾಗಿದ್ದರೆ ನನ್ನ ಬೆರಳಿನ ಬಲ ಯಾರಿಗೆ ಬೇಕು? ಲಕ್ವಾ ಹೊಡೆದ ಕೈಯಾದರೂ ಹಿಡಿದುಕೊಂಡೇ ಇರುತ್ತಾನೆ. ಇದನ್ನು ಯಾವ ಪಾಸ್ಟರೂ ನನಗೆ ಹೀಗೆ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ. ನನಗೆ ಅಳು ಬಂತು, ಅತ್ತುಬಿಟ್ಟೆ. ನಾನು ಅವನವಳು ಎಂಬುದು ಅಲ್ಲಿ, ಆ ಹಾಸಿಗೆಯ ಪಕ್ಕದಲ್ಲಿ ನನಗೆ ಖಾತ್ರಿಯಾಯಿತು.

ಗೆಜ್ಜೆ ಬಾಗಿಲ ಹತ್ತಿರವೇ ಬಂದಿತ್ತು. ಅತ್ತೆಯ ಕೈಯನ್ನು ಎದೆಯ ಮೇಲಿಟ್ಟು, ಈಗ ಬಂದೆ ಎಂದು ಹೇಳಿ, ಎದ್ದು ಹೋಗಿ ಬಾಗಿಲು ತೆಗೆದೆ. ಹೊರಗೆ ಏನಿದೆ ಎಂದು ತೆಗೆಯುವಾಗ ನನಗೆ ಗೊತ್ತಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ಆಮೇಲೆ ಕೇಳಿದವರೆಲ್ಲ ನಕ್ಕಿದ್ದಾರೆ. ಕಟ್ಟೆಯ ಮೇಲೆ ಆಡಿನ ಮರಿಯೊಂದು ಕೊರಳ ಗೆಜ್ಜೆ ಅಲ್ಲಾಡಿಸುತ್ತ ನಿಂತಿತ್ತು. ಭಾವನದು. ಅವಸರದಲ್ಲಿ ಬಿಟ್ಟು ಹೋಗಿದ್ದ.

ಒಳಗೆ ತಂದು ತೋರಿಸಿದೆ. ಅತ್ತೆ ಅದನ್ನೇ ದಿಟ್ಟಿಸಿ ನೋಡಿದಳು. ಆಮೇಲೆ, “ಚಾ ಕುಡೀಬೇಕನಸ್ತೈತಿ,” ಅಂದಳು. ಹಿಂದೆಯೇ, “ಗ್ಯಾಸಿಗೇನು ಹೊಗಿ ಬರೂದಿಲ್ಲಲ್ಲ?” ಅಂದಳು. ದ್ಯಾಮವ್ವನ ಗುಡಿಯ ಕಡೆ ಮುಖ ಮಾಡಿ ಎಡಗೈಯಿಂದ ಗಲ್ಲ ಬಡಿದುಕೊಂಡು ಚಹಾ ಕುಡಿದಳು. ಆಕೆಯ ದೇವರು ಆಕೆಗೆ. ನಾನು ಬಾಯಿ ಹಾಕಲಿಲ್ಲ.

ಸಂಜೆ ಭಾವ ಎಲ್ಲರಿಗಿಂತ ಮೊದಲು ಬಂದ, ಆದರೆ ಹೊಸ್ತಿಲ ಆಚೆಗೇ ನಿಂತ. ಪೂಜಾರಿಯ ನೀರು ಇನ್ನೂ ನಮ್ಮ ಓಣಿಗೆ ಬಂದಿರಲಿಲ್ಲ. ಕತ್ತು ಚಾಚಿ ಒಳಗೆ ನೋಡಿದ. ಮುಖ ಬಿಳಿಚಿಕೊಂಡಿತ್ತು.

“ಅವ್ವ ಅದಾಳೇನು?”

“ಒಳಗ ಬಂದು ನೋಡ್ರಿ.”

ಕಾಲು ಎತ್ತಲಿಲ್ಲ. “ನಿನಗೇನರ ಕಾಣ್ತೇನು ಇವತ್ತು?” ಎಂದು ಮೆಲ್ಲಗೆ ಕೇಳಿದ.

“ಕಾಣ್ತು,” ಅಂದೆ. “ನೀವು ಬಿಟ್ಟು ಹೋದ ಆಡಿನ ಮರಿ. ನೀವು ಬಿಟ್ಟು ಹೋದ ಅವ್ವ.”

ಅವನು ಅಲ್ಲೇ ನಿಂತ. ಒಳಗಿನಿಂದ ಅತ್ತೆ ಕೂಗಿದಳು: “ನೀರು ಬರೂಮಟಾ ಅಲ್ಲೇ ನಿಂದ್ರಲಿ ಬಿಡು. ಅಂಜಿಕಿ ಐತಿ ಅವಗ. ನೀ ಬಾ ಇಲ್ಲಿ, ಕೈ ಹಿಡಕೋ.”

ಹೋಗಿ ಕೂತು ಹಿಡಿದುಕೊಂಡೆ. ಕೂಸಿನ ಮಾತನ್ನು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.