ಬಿರುಕಿಗೆ ಮೆತ್ತಿದ ಮಣ್ಣು

ಬೆಳಕು ಹರಿಯುವಾಗ ಮಕಾರಿಯೋ ಚೋಕ್ ಗುಡಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕೆಂಡಕ್ಕೆ ಚಿಟಿಕೆ ಧೂಪ ಹಾಕಿ, ಬೆಟ್ಟದೊಡೆಯನ ಅಪ್ಪಣೆ ಬೇಡಿ, ಆಮೇಲೆ ಗೋಡೆ ಮುಟ್ಟುತ್ತಾರೆ. ಮೆಟ್ಟಿಲ ಪಕ್ಕದ ಬಿರುಕುಗಳಿಗೆಲ್ಲ ಅಡ್ಡಲಾಗಿ ಸುಣ್ಣ ಕಲಸಿದ ಮಣ್ಣು ಮೆತ್ತಿದ್ದಾರೆ. ಒಟ್ಟು ನಲವತ್ತೊಂದು ಕಡೆ. ಮಣ್ಣು ಸೀಳಿದರೆ ಕಲ್ಲು ಕದಲಿದೆ ಎಂದರ್ಥ.

ಇವತ್ತು ಹದಿನೇಳನೆಯದು ಸೀಳಿದೆ. ಅವರು ಹಗ್ಗ ತಂದು ಮೆಟ್ಟಿಲಿಗೆ ಅಡ್ಡ ಕಟ್ಟುತ್ತಾರೆ.

ಗ್ವಾಟೆಮಾಲಾದ ಪೆತೆನ್ ಕಾಡಿನೊಳಗಿನ ಸಾಕ್‌ಪೆಕ್‌ಗೆ ರಸ್ತೆಯಿಲ್ಲ. ಮಾಯಾ ಜನರು ಕಟ್ಟಿದ ಈ ಹಾಳುಗುಡಿಗಳನ್ನು ನೋಡಲು ತಿಂಗಳಿಗೆ ಮೂವತ್ತು ಜನ ಬಂದರೆ ಹೆಚ್ಚು. ಐವತ್ತೆಂಟರ ಮಕಾರಿಯೋ ಇಪ್ಪತ್ತೆರಡು ವರ್ಷಗಳಿಂದ ಇಲ್ಲಿನ ಕಾವಲುಗಾರ. ತಿಂಗಳಲ್ಲಿ ಇಪ್ಪತ್ತೆರಡು ದಿನ ಕಾಡಿನಲ್ಲಿ, ಉಳಿದದ್ದು ಮನೆಯಲ್ಲಿ. ಮೊದಲು ಅಣ್ಣ ಇಲಾರಿಯೋ ಜೊತೆಗಿದ್ದರು.

ಹನ್ನೊಂದು ವರ್ಷದ ಹಿಂದೆ, ಬರುವವರ ಕಣ್ಣಿಗೆ ಚೊಕ್ಕವಾಗಿ ಕಾಣಲೆಂದು ಮಕಾರಿಯೋ ಪಕ್ಕದ ಗುಡಿಯ ಗೋಡೆಯೊಳಗಿನ ಅತ್ತಿಬೇರನ್ನು ಕಡಿದು ಕಿತ್ತರು. ಮೂರನೆಯ ದಿನ ಮಳೆ ಬಂತು, ಗೋಡೆ ಕುಸಿಯಿತು.

"ಬೇರು ಗೋಡೆ ಸೀಳ್ತಿದೆ ಅಂದ್ಕೊಂಡಿದ್ದೆ. ಹಿಡ್ಕೊಂಡಿದ್ದೂ ಅದೇ. ಅಣ್ಣ ಅಲ್ಲೇ ಒರಗಿ ರೊಟ್ಟಿ ತಿಂತಿದ್ದ," ಎನ್ನುತ್ತಾರೆ. ಅಂದಿನಿಂದ ಅವರು ಎಲೆ ಸವರುತ್ತಾರೆ, ಬೇರು ಮುಟ್ಟುವುದಿಲ್ಲ.

ಹತ್ತು ಗಂಟೆಗೆ ಮಾರ್ಗದರ್ಶಿ ನೆರಿ ಆರು ಜನರನ್ನು ಕರೆತರುತ್ತಾನೆ. ಮೊಣಕಾಲುದ್ದ ಕೆಸರು. ಹಗ್ಗ ನೋಡಿ ಅವನ ಮುಖ ಗಂಟಾಗುತ್ತದೆ.

"ಏನ್ ಮಕಾರಿಯೋ ಅವ್ರೇ, ಇವತ್ತೂ ಮಣ್ಣಿನ ಜ್ಯೋತಿಷ್ಯನಾ? ನಾಲ್ಕು ಗಂಟೆ ನಡೆದು ಬಂದಿದ್ದಾರೆ, ಹತ್ತಲಿ ಬಿಡಿ."

"ಆಗಲ್ಲ."

"ಸಾವಿರ ವರ್ಷದಿಂದ ನಿಂತಿದೆ ಮಾರಾಯ್ರೇ!"

"ನಮ್ಮಣ್ಣನ ಮೇಲೆ ಬಿದ್ದಿದ್ದೂ ಸಾವಿರ ವರ್ಷ ನಿಂತಿದ್ದೇ ಕಣಪ್ಪ."

"ಕಚೇರಿಗೆ ದೂರು ಕೊಡ್ತೀನಿ."

ಇದು ಮೂರನೆಯ ದೂರು. ಎರಡನೆಯದಕ್ಕೇ ಕಚೇರಿಯಿಂದ ಪತ್ರ ಬಂದಿತ್ತು: ಇನ್ನೊಂದಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಮಕಾರಿಯೋ ಕೈ ಹಗ್ಗದ ಮೇಲೇ ಇರುತ್ತದೆ.

ಬಂದವರು ಕೆಳಗಿನಿಂದಲೇ ಫೋಟೋ ತೆಗೆದು, ಗೊಣಗುತ್ತ ಹೊರಡುತ್ತಾರೆ. ಗೋಡೆ ನಿಂತೇ ಇದೆ. ನಾಳೆಯೂ ನಿಂತಿದ್ದರೆ ಮುದುಕನಿಗೆ ಅರಳುಮರಳು ಎಂದು ಕಚೇರಿಯವರು ಬರೆದುಕೊಳ್ಳಬಹುದು.

ಮಕಾರಿಯೋ ಬೊಗಸೆಯಲ್ಲಿ ಹೊಸ ಮಣ್ಣು ಕಲಸುತ್ತಾರೆ. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ,

"ನನ್ನ ಜಾಗಕ್ಕೆ ಬರೋನಿಗೆ ಇದನ್ನ ತೋರಿಸಿಕೊಡೋಕೆ ಒಂದು ದಿನ ಬಿಟ್ರೆ ಸಾಕು," ಎನ್ನುತ್ತಾರೆ. ಸೀಳಿದ ಕಡೆ ಹೆಬ್ಬೆರಳಿಂದ ಮಣ್ಣು ಒತ್ತಿ, ಕಾಲುದಾರಿಯತ್ತ ನೋಡುತ್ತಾರೆ. "ಬೈಕೊಂಡು ಹೋದ್ರು. ಆರೂ ಜನ ನಡ್ಕೊಂಡೇ ಹೋದ್ರಲ್ಲ."