ಕೊನೆಯ ತುಂಡು ಕೊಡದ ಪೂರ್ಣಕೇಶರಿ

ನೇಪಾಳದ ಬುಂಗಮತಿಯ ಓಣಿಯಲ್ಲಿ ಬೆಳಕು ಇನ್ನೂ ಇಟ್ಟಿಗೆ ಗೋಡೆಗಳ ಮೇಲಂಚಿಗಷ್ಟೇ ತಾಗಿದೆ. ಪೂಜೆಯ ತಟ್ಟೆ ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ಗುಡಿಯ ಕಡೆ ಹೊರಟಿದ್ದಾರೆ. ಪೂರ್ಣಕೇಶರಿ ಶಿಲ್ಪಕಾರ್ ಆಗಲೇ ತಮ್ಮ ಪೂಜೆ ಮುಗಿಸಿ ಬಂದು, ಮನೆಬಾಗಿಲಲ್ಲಿ ಚಾಪೆ ಹಾಸಿ ಕೂತಿದ್ದಾರೆ. ಎರಡು ಪಾದಗಳ ನಡುವೆ ಸಾಲ ಮರದ ಒಂದು ಪಟ್ಟಿ. ಮರ ಅಲುಗದಂತೆ ಹಿಡಿಯಲು ಅವರಿಗೆ ಕಾಲಿನ ಹೆಬ್ಬೆರಳುಗಳೇ ಸಾಕು. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಕೊಡತಿ. ಟಕ್, ಟಕ್, ಟಕ್. ಸಿಪ್ಪೆ ಸುರುಳಿಯಾಗಿ ಏಳುತ್ತದೆ.

"ತತಾ, ದೇವರು ಏಳೋ ಮುಂಚೇನೇ ಎಬ್ಬಿಸಿಬಿಟ್ಯಲ್ಲ!" ದಾರಿಯಲ್ಲಿ ಹೋಗುವವಳೊಬ್ಬಳು ಕೂಗುತ್ತಾಳೆ. ಇಡೀ ಓಣಿಗೆ ಇವರು ತತಾ, ಅಂದರೆ ಅಕ್ಕ.

"ಏಳಲಿ ಬಿಡೆ. ಅವನಿಗೂ ಕೆಲಸ ಇರತ್ತೆ," ಎನ್ನುತ್ತಾರೆ ಇವರು, ತಲೆ ಎತ್ತದೆ.

ಅರವತ್ತೊಂದು ವಯಸ್ಸು. ಬೇರೆ ಬೇರೆ ಬಾಯಿಯ ಮೂವತ್ತನಾಲ್ಕು ಉಳಿಗಳು. ಜಾಳಂದ್ರದ ಕಿಟಕಿಗೆ ಬೇಕಾಗುವ ಪುಟ್ಟ ತುಂಡುಗಳನ್ನು ದಿನಕ್ಕೆ ಐದು, ತಪ್ಪಿದರೆ ಆರು ಕಡೆಯುತ್ತಾರೆ. ಮೊಳೆಯಿಲ್ಲ, ಅಂಟಿಲ್ಲ. ಒಂದರ ಕಚ್ಚಿಗೆ ಇನ್ನೊಂದು ಕೂತು, ಅದನ್ನು ಮತ್ತೊಂದು ಹಿಡಿದು, ಕೊನೆಗೆ ಹೆಬ್ಬೆರಳಿನಷ್ಟು ಉದ್ದದ ಒಂದೇ ಒಂದು ತುಂಡು ಇಡೀ ಕಿಟಕಿಗೆ ಬೀಗ ಹಾಕುತ್ತದೆ.

ಮರ ಕೆತ್ತುತ್ತಿದ್ದ ತಂದೆಗೆ ಮೂವರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಕೆಲಸದ ಜಾಗಕ್ಕೆ ಅವಲಕ್ಕಿ, ಸೋಯಾಕಾಳು ಒಯ್ದು ಕೊಡುವುದು ಪೂರ್ಣಕೇಶರಿಯ ಪಾಲಿನ ಕೆಲಸವಾಗಿತ್ತು. ಹನ್ನೊಂದನೇ ವಯಸ್ಸಿನಲ್ಲಿ ಒಂದು ದಿನ, ತಂದೆ ಕೈತೊಳೆಯಲು ಹೋದಾಗ ಉಳಿ ಎತ್ತಿಕೊಂಡು ಅರ್ಧ ಬಿಟ್ಟಿದ್ದ ಕಮಲದ ಎಸಳನ್ನು ಮುಗಿಸಿಬಿಟ್ಟರು. "ಅಪ್ಪ ನೋಡಿದ. ಬೈಯಲಿಲ್ಲ, ಭೇಷ್ ಅಂತಾನೂ ಅನ್ನಲಿಲ್ಲ. ಮಾರನೇ ದಿನ ನನ್ನ ಮುಂದೆ ಒಂದು ಮರದ ತುಂಡು ಇಟ್ಟು ಹೋದ. ಅಷ್ಟೇ."

ಮದುವೆಯಾದದ್ದೂ ಕೆತ್ತನೆಯ ಮನೆಗೇ. ಗಂಡ ದಿಲ್‌ಮಾನ್ ಒಳ್ಳೆಯ ಕೆಲಸಗಾರ. ಆದರೆ ನಲವತ್ತು ದಾಟುತ್ತಿದ್ದಂತೆ ಅವರ ಕೈ ನಡುಗತೊಡಗಿತು. ಅಲ್ಲಿಂದ ಅವರು ತೀರಿಕೊಳ್ಳುವವರೆಗೆ, ಹದಿನೈದು ವರ್ಷ, ಆ ಮನೆಯಿಂದ ಹೊರಬಿದ್ದ ಕಿಟಕಿ, ಕಂಬ, ತೋರಣಗಳನ್ನೆಲ್ಲ ಕೆತ್ತಿದ್ದು ಹೆಂಡತಿ. ಹೆಸರು ಮಾತ್ರ ಗಂಡನದು. "ಓಣಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ, ಅವರು ನೊಂದುಕೋತಾರೆ ಅಂತ. ಅವರು ಹೋದಮೇಲೂ ಸುಮ್ಮನಿದ್ದೆ ನೋಡಿ, ಅದು ನನ್ನ ತಪ್ಪು."

2015ರ ಭೂಕಂಪದಲ್ಲಿ ಮನೆ ಹೋಯಿತು. ಚೌಕದಲ್ಲಿ ಮುದುಕರು ಕೂತು ಭಜನೆ ಮಾಡುತ್ತಿದ್ದ ತಂಗುಮನೆಯೂ ನೆಲಕ್ಕೆ ಬಿತ್ತು. ಅದರ ಮೇಲ್ಮಹಡಿಯ ಜಾಳಂದ್ರದ ಕಿಟಕಿ ನುಚ್ಚುನೂರಾಯಿತು. ಊರವರು ಪಾತ್ರೆ, ಬಟ್ಟೆ ಹುಡುಕುತ್ತಿದ್ದಾಗ ಪೂರ್ಣಕೇಶರಿ ಇಟ್ಟಿಗೆಯ ರಾಶಿಯಿಂದ ಮುರಿಯದೆ ಉಳಿದ ಅರವತ್ತು ಚಿಲ್ಲರೆ ತುಂಡುಗಳನ್ನು ಹೆಕ್ಕಿದರು. ತಗಡಿನ ಗುಡಿಸಲಲ್ಲಿ ಕೂತು, ಅವುಗಳನ್ನೇ ಅಳತೆಯಾಗಿಟ್ಟುಕೊಂಡು, ಯಾರೂ ಹೇಳದೆ ಕೇಳದೆ ಇಡೀ ಕಿಟಕಿಯನ್ನು ಹೊಸದಾಗಿ ಕಡೆದರು. ಹನ್ನೊಂದು ತಿಂಗಳು. ಸಾವಿರದ ನೂರ ನಲವತ್ತಾರು ತುಂಡುಗಳು.

ತಂಗುಮನೆ ಮತ್ತೆ ಎದ್ದು ನಿಲ್ಲುವ ಹೊತ್ತಿಗೆ ಗುತ್ತಿಗೆದಾರ ತೀರ್ಥಲಾಲ್ ಯಂತ್ರದಲ್ಲಿ ಕೊರೆಸಿದ ಕಿಟಕಿಯೊಂದನ್ನು ವ್ಯಾನಿನಲ್ಲಿ ತಂದಿಳಿಸಿದರು. ಪೂರ್ಣಕೇಶರಿ ಹೋಗಿ ಅದಕ್ಕೆ ಮೂಗು ತಾಗಿಸಿ ಮೂಸಿದರು.

"ಇದು ಅಂಟಿನ ವಾಸನೆ, ಮರದ್ದಲ್ಲ."

"ಎರಡೇ ದಿನದಲ್ಲಿ ಆಗಿದ್ದು ತತಾ. ನೀನು ವರ್ಷ ಕೂತೆ. ಕಣ್ಣಿಗೆ ಎರಡೂ ಒಂದೇ."

"ಕಣ್ಣಿಗೆ ಒಂದೇ ತಾನೆ? ಹಾಗಾದ್ರೆ ಎರಡನ್ನೂ ಚೌಕದಲ್ಲಿಡು. ಮಳೆಗೆ ಕಣ್ಣಿಲ್ಲ, ಅದು ಹೇಳಲಿ."

ಸುತ್ತ ನಿಂತವರು ನಕ್ಕರು. ಹೆಂಗಸಿನ ಹಟ ಅಂದವರೂ ಇದ್ದರು. ಆದರೆ ಜೀರ್ಣೋದ್ಧಾರ ಸಮಿತಿಯ ಹಿರಿಯ ಅಷ್ಟಮಾನ್ ಮಹರ್ಜನ್ ಆಗಲಿ ಅಂದರು. ಆಷಾಢದ ಮಳೆಯಲ್ಲಿ ಎರಡೂ ಕಿಟಕಿಗಳು ಪಕ್ಕಪಕ್ಕದಲ್ಲಿ ಒರಗಿ ನಿಂತವು. ಹದಿನೆಂಟನೇ ದಿನ ಬೆಳಿಗ್ಗೆ ತೀರ್ಥಲಾಲರ ಕಿಟಕಿಯ ಮೂಲೆ ಬಾಯಿಬಿಟ್ಟಿತ್ತು. ಸಂಜೆಯ ಹೊತ್ತಿಗೆ ಅದರ ಪಟ್ಟಿಗಳು ಕಲ್ಲುಹಾಸಿನ ಮೇಲೆ ಉದುರಿದವು. ಪಕ್ಕದ್ದರಲ್ಲಿ ಮರ ನೆಂದು ಉಬ್ಬಿ, ಕಚ್ಚುಗಳು ಇನ್ನಷ್ಟು ಬಿಗಿದುಕೊಂಡಿದ್ದವು. ಅಷ್ಟಮಾನ್ ಎರಡೂ ಕೈಯಿಂದ ಹಿಡಿದು ಅಲುಗಾಡಿಸಿ ನೋಡಿದರು. ಸದ್ದೂ ಬರಲಿಲ್ಲ.

ಗೆದ್ದದ್ದಾಯಿತು ಅಂದುಕೊಂಡರೆ, ಮಳೆ ನಿಂತ ಮೇಲೆ ತಂಗುಮನೆಯ ಗೋಡೆಗೆಂದು ಬಂದ ತಾಮ್ರದ ಫಲಕದಲ್ಲಿ "ಕಿಟಕಿ: ದಿವಂಗತ ದಿಲ್‌ಮಾನ್ ಶಿಲ್ಪಕಾರರ ಮನೆತನ" ಎಂದಿತ್ತು. ಮನೆತನದಲ್ಲಿ ಆಗ ಉಳಿದಿದ್ದವರು ಪೂರ್ಣಕೇಶರಿ ಒಬ್ಬರೇ.

ಅವರು ಕೂಗಾಡಲಿಲ್ಲ. ಮರುದಿನ, ಮಳೆಯ ನಂತರ ಒಣಗಲೆಂದು ಬಿಚ್ಚಿಟ್ಟಿದ್ದ ಕಿಟಕಿಯ ಸಾವಿರದ ನೂರ ನಲವತ್ತೈದು ತುಂಡುಗಳನ್ನು ಎಲ್ಲರೆದುರು ಜೋಡಿಸಿ ಕೊಟ್ಟರು. ಬೀಗದ ತುಂಡನ್ನು ನಡುಪಟ್ಟಿಗೆ ಸಿಕ್ಕಿಸಿಕೊಂಡು ಮನೆಗೆ ನಡೆದರು. ಅದಿಲ್ಲದೆ ಕಿಟಕಿಯನ್ನು ಮೇಲೆತ್ತುವಂತಿರಲಿಲ್ಲ.

ಅಷ್ಟಮಾನ್ ಬಾಗಿಲಿಗೆ ಬಂದರು. ಪೂರ್ಣಕೇಶರಿಗೆ ಅವರು ದಾಜು, ಅಂದರೆ ಅಣ್ಣ. "ಏನಮ್ಮಾ ಇದು, ಗಂಡನ ಹೆಸರಿನ ಮೇಲೇ ಜಗಳವಾ?"

"ಅವರ ಹೆಸರು ಹದಿನೈದು ವರ್ಷ ನಾನೇ ಕೆತ್ತಿದೀನಿ ದಾಜು. ಅದು ಇನ್ನೂ ಗಟ್ಟಿಯಾಗೇ ಇದೆ. ಈ ಕಿಟಕಿ ಕಡೆದಾಗ ಅವರು ಬದುಕಿರಲಿಲ್ಲ. ಸತ್ತವರ ಕೈಲಿ ಕೆಲಸ ಮಾಡಿಸಬೇಡಿ."

"ಹೆಂಗಸಿನ ಹೆಸರು ಹಾಕಿದ ರೂಢಿ ಇಲ್ಲವಲ್ಲ."

"ಹೆಂಗಸು ಕಡೆದ ಕಿಟಕಿ ತಗೊಂಡಿರಿ. ಅದಕ್ಕೆ ರೂಢಿ ಎಲ್ಲಿತ್ತು?"

ಹತ್ತು ದಿನ ಕಿಟಕಿ ನೆಲದಲ್ಲೇ ಇತ್ತು. ನೀರಿಗೆ ಹೋಗುವ ಹೆಂಗಸರು ದಿನಾ ಅದರ ಮುಂದೆ ನಿಂತು, ಗಂಡಸರಿಗೆ ಕೇಳುವಷ್ಟು ಗಟ್ಟಿಯಾಗಿ, "ಇನ್ನೂ ಒಂದು ತುಂಡು ಸಿಕ್ಕಿಲ್ವಂತೆ," ಎಂದು ಹೇಳಿ ಹೋಗುತ್ತಿದ್ದರು. ಹನ್ನೊಂದನೆಯ ದಿನ ಅಷ್ಟಮಾನ್ ಹೊಸ ಫಲಕವನ್ನು ತಾವೇ ಹೊತ್ತು ತಂದರು. ಪೂರ್ಣಕೇಶರಿಗೆ ಓದಲು ಬರುವುದಿಲ್ಲ. ಪಕ್ಕದ ಮನೆಯ ಸೊಸೆಯಿಂದ ಎರಡು ಸಲ ಓದಿಸಿ, ತಮ್ಮ ಹೆಸರಿನ ಅಕ್ಷರಗಳ ಮೇಲೆ ಬೆರಳಾಡಿಸಿ, ಆಮೇಲೆ ಎದ್ದು ಹೋಗಿ ಕೊನೆಯ ತುಂಡನ್ನು ತಟ್ಟಿ ಕೂರಿಸಿದರು. ಕೊಡತಿಯ ಎರಡೇ ಏಟು.

ಈಗ ಅವರ ಬಳಿ ಓಣಿಯ ನಾಲ್ವರು ಸೊಸೆಯಂದಿರು ಕಲಿಯುತ್ತಿದ್ದಾರೆ, ಯಾರೂ ಅವರ ಸ್ವಂತ ಸೊಸೆಯರಲ್ಲ. ಒಬ್ಬಳ ಅತ್ತೆ ಜಗಳಕ್ಕೆ ಬಂದಿದ್ದಳು. ಪೂರ್ಣಕೇಶರಿ ಅವಳನ್ನೂ ಕೂರಿಸಿ ಕೈಗೆ ಉಳಿ ಕೊಟ್ಟರು. ಈಗ ಅವಳೂ ಬರುತ್ತಾಳೆ. ಕೆಲಸ ಅಷ್ಟಕ್ಕಷ್ಟೆ, ಮಾತು ಜಾಸ್ತಿ.

ಆಸೆ ಏನಾದರೂ ಉಳಿದಿದೆಯೇ ಎಂದರೆ, ಊರ ದೊಡ್ಡ ಗುಡಿಯ ಕಡೆ ಗದ್ದ ಎತ್ತಿ ತೋರಿಸುತ್ತಾರೆ. ಅದೇ ಭೂಕಂಪದಲ್ಲಿ ಬಿದ್ದು ಮತ್ತೆ ಎದ್ದ ಅದರ ಬಾಗಿಲುವಾಡದ ಕೆತ್ತನೆ ಇನ್ನೂ ಬಾಕಿ ಇದೆ.

"ಕೊಡಿ ಅಂತ ಹೋಗಿ ಕೇಳೋದಿಲ್ಲ. ಅವರೇ ಬರ್ತಾರೆ. ಬಂದ್ರೆ ಚಾಪೆ ಹಾಕಿ ಕೂರಿಸಿ ಚಹಾ ಕೊಡ್ತೀನಿ. ಮರ ಚೆನ್ನಾಗಿ ಒಣಗಿದೆಯಾ ಅಂತ ಮೊದಲು ನೋಡ್ತೀನಿ. ಒಣಗಿರದಿದ್ರೆ ವಾಪಸ್ ಕಳಿಸ್ತೀನಿ."