ಕೂತವರ ಅಳತೆ

ಗುರುವಾರ, ಮಧ್ಯಾಹ್ನ ಮೂರು ಗಂಟೆ. ಅರಸೀಕೆರೆಯ ನಮ್ಮ ಮನೆಯಲ್ಲಿ ನಾನು, ನನ್ನ ಹೆಂಡತಿ ಮತ್ತು ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡ್ ಇದ್ದೆವು. ಗಾರ್ಡ್ ಕ್ರೈಸ್ತರು. ಇಂಗ್ಲೆಂಡಿಗೆ ಮಗಳ ಮನೆಗೆ ಹೋಗಿದ್ದ ನಮ್ಮಣ್ಣ ಅಲ್ಲೇ ತೀರಿಕೊಂಡ ಸುದ್ದಿ ತಿಳಿದಾಗಿನಿಂದ ಅವರು ದಿನವೂ ಬಂದು ಕೂತು ಹೋಗುತ್ತಿದ್ದರು.

ಅಣ್ಣನ ಮಗಳ ಫೋನ್ ಬಂತು.

“ಚಿಕ್ಕಪ್ಪ, ಇಲ್ಲಿ ಅಂತ್ಯಕ್ರಿಯೆ ಮಾಡಿಸೋರು ಸುಡೋಕೆ ಎಲ್ಲಾ ಏರ್ಪಾಡು ಮಾಡಿಬಿಟ್ಟಿದ್ರು. ಹಾರ ಹಾಕಬಹುದು, ಚಪ್ಪಲಿ ಬಿಟ್ಟು ಒಳಗೆ ಹೋಗಬಹುದು, ಸುಡೋ ಯಂತ್ರದ ಸ್ವಿಚ್ಚು ನಾನೇ ಒತ್ತಬಹುದು ಅಂದ್ರು. ಹಿಂದೂಗಳಿಗೆ ಏನೇನು ಬೇಕು ಅಂತ ಮೊದಲೇ ಕೇಳಿ ತಿಳ್ಕೊಂಡಿದಾರೆ. ನಾವು ಸುಡಲ್ಲ, ಕೂರಿಸಿ ಮಣ್ಣು ಮಾಡ್ತೀವಿ ಅಂದೆ. ಪಾಪ, ಅವರಿಗೆ ತಲೆನೇ ಕೆಟ್ಟುಹೋಯ್ತು.”

ನನ್ನ ತಲೆಯೂ ನೆಟ್ಟಗಿರಲಿಲ್ಲ. ಲಿಂಗಾಯತರಾದ ನಮ್ಮಲ್ಲಿ ಹೀಗೆ ಎಂದು ನಾನು ಯಾರಿಗೂ ಬಿಡಿಸಿ ಹೇಳಬೇಕಾಗಿ ಬಂದಿರಲಿಲ್ಲ. ಊರಿನಲ್ಲಿ ಸಾವಾದರೆ ಗುಣಿ ತೋಡುವವರಿಗೇ ಎಲ್ಲ ಗೊತ್ತಿರುತ್ತದೆ.

ಕೊನೆಗೆ ಅಲ್ಲಿನ ಚರ್ಚಿನ ಪಾದ್ರಿ ತಮ್ಮ ಸ್ಮಶಾನದಲ್ಲೇ ಜಾಗ ಕೊಡಲು ಒಪ್ಪಿದ್ದರು. ಆದರೆ ಪೆಟ್ಟಿಗೆಯಿಲ್ಲದೆ ಹೂಳುವುದಕ್ಕೆ ಅಲ್ಲಿನ ಕಟ್ಟಳೆ ಒಪ್ಪುವುದಿಲ್ಲ. ಅವರ ಚರ್ಚಿಗೆ ಬರುವವರಲ್ಲೊಬ್ಬ ಬಡಗಿ ಇದ್ದಾನಂತೆ. ಕೂತ ಆಳಿಗೆ ಹೊಂದುವಂಥ ಪೆಟ್ಟಿಗೆಯನ್ನೇ ಮಾಡಿಕೊಡುತ್ತೇನೆ, ಅಳತೆ ಹೇಳಿ ಎಂದನಂತೆ.

“ಶವಾಗಾರದಲ್ಲಿ ಮಲಗಿಸಿರೋ ಅಪ್ಪನ್ನ ಈಗ ಕೂರಿಸಿ ಅಳೆಯೋಕಾಗಲ್ಲ. ನೀವೂ ಅಪ್ಪನೂ ಒಂದೇ ಆಳಲ್ವಾ ಚಿಕ್ಕಪ್ಪ? ಅವರ ಜುಬ್ಬ ನಿಮಗೆ ಸರಿಯಾಗಿ ಆಗ್ತಿತ್ತು. ನೀವೇ ಚಕ್ಕಳಮಕ್ಕಳ ಹಾಕಿ ಕೂತು ಅಳತೆ ಕಳಿಸಿ. ಸಂಜೆಯೊಳಗೆ ಸಿಗದಿದ್ರೆ ಮಾಮೂಲಿ ಪೆಟ್ಟಿಗೇಲಿ ಮಲಗಿಸಿಬಿಡ್ತಾರೆ.”

ನಮ್ಮ ಮನೆತನದ ಕಾರ್ಯಗಳನ್ನು ನಡೆಸಿಕೊಡುವ ಬಾಣಾವರದ ಅಯ್ಯನವರಿಗೆ ಫೋನ್ ಮಾಡಿದೆ.

“ಪೆಟ್ಟಿಗೇಲಿ ಕೂರಿಸಿ ಅಂತ ಎಲ್ಲೂ ಹೇಳಿಲ್ಲ ಮೇಷ್ಟ್ರೇ,” ಎಂದರು. ಆಮೇಲೆ, “ಕೂರಿಸಬ್ಯಾಡಿ ಅಂತಾನೂ ಎಲ್ಲೂ ಹೇಳಿಲ್ಲ,” ಎಂದರು.

“ಹಾಗಾದರೆ ನಾನೇನು ಮಾಡಲಿ?”

“ಅಂಗೈಯಾಗೆ ಲಿಂಗ ಇರ್ತೈತಲ್ಲ? ಮಿಕ್ಕಿದ್ದು ನೀವೇ ನೋಡಿ. ಓದಿದೋರು ನೀವು.”

ಪೆಟ್ಟಿಗೆಯೊಳಗೆ ಕೂತರೆ ಮಣ್ಣಿಗೆ ಸೇರಿದಂತೆಯೋ ಅಲ್ಲವೋ? ಮಲಗಿಸುವುದು ತಪ್ಪೋ, ಮರ ಅಡ್ಡ ಬರುವುದು ತಪ್ಪೋ? ಆ ಇಂಗ್ಲೆಂಡಿನವರು ಆಗುವುದಿಲ್ಲ ಎಂದುಬಿಟ್ಟಿದ್ದರೆ ನನಗೆ ಬಯ್ಯುವುದಕ್ಕಾದರೂ ಆಗುತ್ತಿತ್ತು. ಏನು ಬೇಕು ಹೇಳಿ ಎಂದು ಅಷ್ಟು ಮರ್ಯಾದೆಯಿಂದ ಕೇಳುವವರಿಗೆ ಏನು ಹೇಳುವುದು?

ಗಾರ್ಡ್ ನಕ್ಕುಬಿಟ್ಟರು. “ನೋಡಿ ಮೇಷ್ಟ್ರೇ, ಇಲ್ಲಿ ನಮ್ಮೋರಿಗೆ ಮಲಗೋ ಪೆಟ್ಟಿಗೆ ಮಾಡೋನು ಸಿಗದೆ ಹಾಸನಕ್ಕೆ ಓಡ್ತೀವಿ. ಅಲ್ಲಿ ನಿಮ್ಮಣ್ಣನಿಗೆ ಕೂರೋ ಪೆಟ್ಟಿಗೆ! ಏಳಿ, ಟೇಪು ತರ್ತೀನಿ.”

“ಬದುಕಿರೋರನ್ನ ಗುಣಿಗೆ ಅಂತ ಅಳೀತಾರೇನ್ರೀ?” ನನ್ನ ಹೆಂಡತಿ ಸಿಡುಕಿದಳು. “ಇವರಿಗಂತೂ ಬುದ್ಧಿ ಇಲ್ಲ, ನಿಮಗೂ ಬೇಡ್ವಾ ಗಾರ್ಡಣ್ಣ?” ಎಂದು ಅಡುಗೆಮನೆಗೆ ಹೋದಳು.

ನಾನು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಗಾರ್ಡ್ ಮಂಡಿಯಿಂದ ಮಂಡಿಗೆ ಟೇಪು ಹಿಡಿದರು. ಬೆನ್ನಿನಿಂದ ಮುಂದಕ್ಕೆ ಎಷ್ಟು ಜಾಗ ಬೇಕೆಂದು ನೋಡಿದರು. ಉಸಿರೆಳೆದಾಗ ಎದೆ ಮೇಲೇಳುತ್ತಿತ್ತು. “ಸ್ವಲ್ಪ ಅಲ್ಲಾಡಬೇಡಿ,” ಎಂದವರು ತಾವೇ ಮುಖ ತಿರುಗಿಸಿದರು. ಕೊನೆಗೆ ನೆಲದಿಂದ ನೆತ್ತಿಗೆ ಹಿಡಿದರು.

“ತಲೆ ಮೇಲೆ ಇನ್ನೊಂದು ಗೇಣು ಬಿಡಿ,” ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹೇಳಿದಳು. “ಭಾವನೋರಿಗೆ ರುಮಾಲು ಸುತ್ತಬೇಕಲ್ಲ.”

ಗಾರ್ಡ್ ಗೇಣು ಸೇರಿಸಿಕೊಂಡು ಅಳತೆ ಹೇಳಿದರು, ನಾನು ಅಣ್ಣನ ಮಗಳಿಗೆ ಕಳಿಸಿದೆ. ಬಡಗಿಗೆ ಮುಟ್ಟಿತು ಎಂದು ಅವಳಿಂದ ಉತ್ತರ ಬರುವವರೆಗೆ ಅಲ್ಲೇ ಕೂತಿದ್ದೆ. ಸರಿ ಮಾಡಿದೆನೋ ಇಲ್ಲವೋ ತಿಳಿಯಲಿಲ್ಲ. ಕಾಲು ಜೋಮು ಹಿಡಿದಿತ್ತು. ಗಾರ್ಡ್ ಕೈ ಕೊಟ್ಟು ಎಬ್ಬಿಸಿದರು.